ಟೈಟನ್ನಿನ ನೆಲ ಆರುವವರೆಗೆ

ಶನಿಗ್ರಹದ ಹಿಮಚಂದ್ರ ಟೈಟನ್ನಿನಲ್ಲಿ ಸುರಿಯುವುದು ನೀರಲ್ಲ, ಮೀಥೇನಿನ ಮಳೆ. ಅದು ಎಲ್ಲಿ, ಯಾವ ಋತುವಿನಲ್ಲಿ ಬಿದ್ದೀತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ನೋಡುವ ವಿರಳ ವಿದ್ಯೆಗೆ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಸಂಶೋಧನಾ ಕೇಂದ್ರದಲ್ಲಿ ನೆಲೆ ಕಲ್ಪಿಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ಉಮಾಶ್ರೀ ಈರಪ್ಪನವರು. ದಾವಣಗೆರೆಯಿಂದ ಬಂದು, ನಮ್ಮ ಮುಂಗಾರಿನ ಲೆಕ್ಕದಲ್ಲಿ ಪಳಗಿ, ಆಮೇಲೆ ಶನಿಯತ್ತ ಹೊರಳಿದವರು. ಹೊಸ ಲೆಕ್ಕ ಓಡತೊಡಗಿದಾಗಲೆಲ್ಲ ಅವರದೊಂದೇ ಕಟ್ಟಳೆ: "ನಾವು ಹಾಕಿದ ತೇವ ಆರೋವರೆಗೂ ಯಾರೂ ಮಳೆ ಅನ್ನಬಾರದು ಕಣ್ರೀ."

ಅವರ ಕೈಕೆಳಗಿನ ಸಂಶೋಧಕಿ, ಬೇಗೂರಿನ ಮಂಜುಶ್ರೀ ಆ ಕಟ್ಟಳೆ ಮೀರಿದ್ದು ಹೆರಿಗೆ ರಜೆ ಮುಗಿಸಿ ಬಂದ ವರ್ಷ. ಗುತ್ತಿಗೆಯ ನೌಕರಿ ಮುಂದುವರಿಯಲು ಒಂದು ಪ್ರಬಂಧ ಬೇಕೇ ಬೇಕಿತ್ತು. ಆರಂಭಕ್ಕೆ ನೆಲವನ್ನೆಲ್ಲ ಮೀಥೇನಿನಿಂದ ಒದ್ದೆಯೆಂದು ಇಟ್ಟುಕೊಂಡು ಓಡಿಸಿದರು. ಸಮಭಾಜಕದ ಮೇಲೆ ಭರ್ಜರಿ ಮಳೆ ಬಂತು. ಅಲ್ಲಿಗೇ ನಿಲ್ಲಿಸಿ ಬರೆದೂಬಿಟ್ಟರು. ಪ್ರಬಂಧ ಸ್ವೀಕೃತವಾದ ಮೇಲೆ ಹೊಳೆಯಿತು: ಅದು ಟೈಟನ್ನಿನ ಮಳೆಯಲ್ಲ, ತಾವೇ ಹಾಕಿದ ಒದ್ದೆ ಆವಿಯಾಗಿ ಮರಳಿ ಬಿದ್ದದ್ದು. ಹೇಳಿದರೆ ನೌಕರಿಗೆ ಕುತ್ತು. ಕಡೆಗೆ ಉಮಾಶ್ರೀಯವರ ಬಳಿ ಹೋಗಿ ಹೇಳಿಬಿಟ್ಟರು.

"ನೆಲ ಒಣಗೋಕೆ ಬಿಡಲಿಲ್ಲ ಮೇಡಂ."

"ನಾನೂ ಹೆಸರು ಹಾಕಿದ್ದೀನಲ್ಲಮ್ಮ, ನನ್ನ ಕಣ್ಣೇನು ಊರಿಗೆ ಹೋಗಿತ್ತಾ?" ಎಂದ ಉಮಾಶ್ರೀಯವರು, ತಪ್ಪಿನ ಹೊಣೆಯನ್ನು ತಾವೇ ಹೊತ್ತು ಪ್ರಬಂಧವನ್ನು ಹಿಂಪಡೆದರು.

ನಿರ್ದೇಶಕ ಶಶಿಕುಮಾರ್ ಇಬ್ಬರನ್ನೂ ಕರೆಸಿದರು. "ಮಳೇನೂ ಹೋಯ್ತು, ಪೇಪರ್ರೂ ಹೋಯ್ತು. ಇವರನ್ನ ಯಾಕೆ ಇಟ್ಕೋಬೇಕು, ಹೇಳಿ ಮೇಡಂ?"

"ಅಚ್ಚಾಗೋ ಮುಂಚೆ ತಾನಾಗೇ ಬಂದು ತಪ್ಪು ಹೇಳಿದ್ದಾಳೆ ಸಾರ್. ಇವಳನ್ನ ಕಳಿಸಿದ್ರೆ, ನಾಳೆಯಿಂದ ಇಲ್ಲಿ ಯಾರೂ ಬಾಯಿ ಬಿಡಲ್ಲ."

ನಿರ್ದೇಶಕರು ಒಂದು ವರ್ಷದ ಮಟ್ಟಿಗೆ ಒಪ್ಪಿದರು. ಲೆಕ್ಕ ಮತ್ತೆ ಮೊದಲಿಂದ ಓಡಿತು, ತಿಂಗಳುಗಟ್ಟಲೆ. ಸಮಭಾಜಕ ಮೆಲ್ಲಗೆ ಒಣಗಿ ಬರಿದಾಯಿತು. ಆಮೇಲೊಂದು ಮಧ್ಯಾಹ್ನ, ಉತ್ತರ ಧ್ರುವದ ಬೇಸಿಗೆಯಲ್ಲಿ, ಪರದೆಯ ಮೇಲೊಂದು ಸಣ್ಣ ಕಲೆ ಮೂಡಿತು. ಮಂಜುಶ್ರೀ ತುಟಿ ಬಿಗಿಹಿಡಿದು ಕುಳಿತರು.

"ಈಗ ಅನ್ನಮ್ಮ," ಎಂದರು ಉಮಾಶ್ರೀ.

"ಮಳೆ, ಮೇಡಂ."

ಟೈಟನ್ನಿನ ಒಂದು ವರ್ಷವೆಂದರೆ ನಮ್ಮ ಇಪ್ಪತ್ತೊಂಬತ್ತಕ್ಕೂ ಮೇಲು. "ಆ ಲೆಕ್ಕಕ್ಕೆ ನಿಮಗೀಗ ಎರಡು ತುಂಬಿದೆ ಅಷ್ಟೇ ಮೇಡಂ, ನನ್ನ ಮಗಳಿಗಿಂತ ಚಿಕ್ಕೋರು," ಎಂದು ಮಂಜುಶ್ರೀ ಮೊನ್ನೆ ನಗಿಸಿದರು. ಅದೇ ಲೆಕ್ಕದಲ್ಲಿ ಉಮಾಶ್ರೀಯವರಿಗೆ ಮೂರು ತುಂಬಲಿ, ನಾಲ್ಕು ನಡೆಯಲಿ. ಬೊಮ್ಮಸಂದ್ರದ ಟ್ರಾಫಿಕ್ಕಿಗೆ ಬೇಸರಿಸದೆ ಆಗಾಗ ಬರುತ್ತಿರಲಿ. ಅವರು ಶುರುಮಾಡಿದ ಹೊಸ ಲೆಕ್ಕ ಓಡುತ್ತಲೇ ಇದೆ. ನೆಲ ಇನ್ನೂ ಆರಿಲ್ಲ.