ಅವ್ವ ಮುಟ್ಟದ ಗಾಳ

ಪಕ್ಕದ ಫ್ಲ್ಯಾಟಿನ ಅಡುಗೆಮನೆಯಲ್ಲಿ ಯಾರೋ ಗೋಧಿಹಿಟ್ಟಿಗೆ ಇಂಗು ಹಾಕಿ ನಾದುತ್ತಿದ್ದಾರೆ. ನಿಮ್ಮ ಮೂಗಿಗೆ ಈ ವಾಸನೆ ಬಂದಿದ್ದರೆ ಪೂರಿಯೋ ಕಚೋರಿಯೋ ನೆನಪಾಗುತ್ತಿತ್ತೇನೊ. ನನಗೆ ಮಾತ್ರ ಮೀನು ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ, ಒಂದು ಬಣ್ಣದ ಫ್ಯಾಕ್ಟರಿಯಲ್ಲಿ ನಾನು ಮಾಲು ಪರೀಕ್ಷೆ ಮಾಡುವವನು. ಡಬ್ಬಿಯ ಬಣ್ಣ ಕೂದಲೆಳೆಯಷ್ಟು ಆಚೀಚೆಯಾದರೂ ವಾಪಸ್ ಕಳಿಸುವುದು ನನ್ನ ಕೆಲಸ. ಹಾಗಾಗಿ ನಿಯಮ ಎಂದರೆ ನನಗೆ ಪ್ರೀತಿ. ಏಳು ವರ್ಷದ ಹಿಂದೆ, ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಗಾಳ ಹಾಕುವ ಹುಚ್ಚು ಹತ್ತಿದಾಗ, ನಾನು ಮೊದಲು ಮಾಡಿದ್ದು ಕಲ್ಯಾಣದ ಒಂದು ಕೆರೆಯ ಪಾಸು ಮಾಡಿಸಿದ್ದು. ನಿಯಮಗಳೆಲ್ಲ ಬಾಯಿಪಾಠವಾದವು. ಮೀನು ಮಾತ್ರ ಒಂದೂ ಬೀಳಲಿಲ್ಲ. "ಇಷ್ಟೊತ್ತು ಮಾರ್ಕೆಟಿನ್ಯಾಗ ನಿಂತಿದ್ರ ಮೀನಿನಾಂವ ಕೊಯ್ದು ಚೀಲಕ್ಕ ಹಾಕಿ ಕೊಡ್ತಿದ್ದ" ಎಂದು ಹೆಂಡತಿ ಪ್ರತಿ ಭಾನುವಾರ ನೆನಪಿಸುತ್ತಿದ್ದಳು.

ಆ ವರ್ಷದ ಬೇಸಿಗೆ ರಜೆಯಲ್ಲಿ ನಾವೆಲ್ಲ ಠಾಣೆ ಊರಿನಲ್ಲಿರುವ ಹೆಂಡತಿಯ ಅಕ್ಕನ ಮನೆಗೆ ಎರಡು ದಿನಕ್ಕೆಂದು ಹೊರಟೆವು. ಅವರ ಮನೆಯ ಹತ್ತಿರವೇ ಗಾಳ ಹಾಕಲು ಬಿಡುವ ಕೆರೆಯಿತ್ತು. ನನ್ನ ಎರಡು ಗಾಳದ ಕೋಲುಗಳು ಲೋಕಲ್ ಟ್ರೇನಿನಲ್ಲಿ ಎಷ್ಟು ಜನರ ಬೆನ್ನು ತಿವಿದವೋ ಲೆಕ್ಕವಿಲ್ಲ. ಜೊತೆಗೆ ನನ್ನ ಇಬ್ಬರು ಹೆಣ್ಣುಮಕ್ಕಳು, ಎಂಟು ವರ್ಷದ ಶ್ರಾವಣಿ, ನಾಲ್ಕು ವರ್ಷದ ಗೌರಿ. ಮತ್ತೆ ನನ್ನ ಅವ್ವ.

ಅವ್ವನ ಬಗ್ಗೆ ಸ್ವಲ್ಪ ಹೇಳಬೇಕು. ಅವಳ ತವರು ವಿಜಯಪುರದ ಕಡೆ, ಕೃಷ್ಣಾ ದಂಡೆಯ ಒಂದು ಸಣ್ಣ ಊರು. ಅಪ್ಪನ ಜೊತೆ ಇತ್ತ ಬಂದ ಮೇಲೆ ಇಪ್ಪತ್ತು ವರ್ಷ ವಾಶಿ ಮಾರ್ಕೆಟಿನಲ್ಲಿ ಉಳ್ಳಾಗಡ್ಡಿ ಹಸನು ಮಾಡಿದಳು. ಅವಳ ಕೈಯ ಉಳ್ಳಾಗಡ್ಡಿ ವಾಸನೆ ನನಗೆ ಗೊತ್ತು. ಅದಕ್ಕೂ ಮುಂಚೆ ಆ ಕೈ ಏನು ಮಾಡುತ್ತಿತ್ತೆಂದು ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮೊಮ್ಮಕ್ಕಳ ಜೊತೆ ಅವಳ ಮಾತು ಒಂದು ಸಾಲಿಗೇ ಮುಗಿದುಹೋಗುತ್ತಿತ್ತು. "ನೀರ ಕುಡದೇನವ್ವಾ?" ಎಂದು ಅವ್ವ ಕೇಳಿದರೆ "ಹಾಂ ಆಜಿ, ಪೀ ಲಿಯಾ" ಎಂದು ಹಿಂದಿಯಲ್ಲಿ ಹೇಳಿ ಶ್ರಾವಣಿ ಓಡುತ್ತಿದ್ದಳು. ಒಮ್ಮೆ ಅವ್ವ ನನ್ನ ಹತ್ತಿರ ಹೇಳಿದ್ದಳು: "ಇವಕ್ಕ ನನ್ನ ಮಾತು ತಿಳೀತೈತಿ. ಬೇಕಾಗಂಗಿಲ್ಲ, ಅಷ್ಟ."

ಠಾಣೆಯಲ್ಲಿ ಮಾರನೆಯ ಬೆಳಿಗ್ಗೆ ನಾನು ಅಂಗಡಿಯಿಂದ ತಂದ, ಗಾಳಕ್ಕೆ ಸಿಕ್ಕಿಸುವ ಮೀನಿನ ತಿಂಡಿಯ ಪೊಟ್ಟಣ ಬಿಚ್ಚಿದೆ. ಅವ್ವ ಮೂಸಿ ನೋಡಿದಳು.

"ಇದನ್ನ ನೀ ತಿಂತೀಯೇನು?"

"ನಾ ಯಾಕ ತಿನ್ಲಿ?"

"ಮೀನೂ ತಿನ್ನಂಗಿಲ್ಲ."

ಎದ್ದು ಹೋಗಿ ಒಂದು ಹಿಡಿ ಗೋಧಿಹಿಟ್ಟಿಗೆ ಇಂಗು ಹಾಕಿ ಗಟ್ಟಿಯಾಗಿ ನಾದಿಕೊಂಡು ಬಂದಳು. ನಿನಗೆ ಹೇಗೆ ಗೊತ್ತು ಎಂದರೆ, "ಹೊಳಿ ದಂಡಿ ಮ್ಯಾಲ ಹುಟ್ಟಿದಾಕಿ ನಾ" ಎಂದಳು, ಅಷ್ಟೇ.

ಕೆರೆಯ ಗೇಟಿನಲ್ಲಿ ಕಾವಲಿನ ಕಾಕಾ ಕೈ ಅಡ್ಡ ಹಿಡಿದರು. ಬಿಳಿ ಮೀಸೆ, ಖಾಕಿ ಅಂಗಿ. ನಾನು ಗತ್ತಿನಿಂದ ಪಾಸು ತೋರಿಸಿದೆ.

"ಸಾಹೇಬ್, ಹಾ ಕಲ್ಯಾಣಚಾ ಪಾಸ್. ಇಥೆ ನಾಹಿ ಚಾಲಣಾರ್."

ಒಂದು ಊರಿನ ಪಾಸು ಇನ್ನೊಂದು ಊರಿನ ನೀರಿಗೆ ನಡೆಯುವುದಿಲ್ಲ ಎಂಬ ಸರಳ ಸಂಗತಿ ನಿಯಮಪ್ರಿಯನಾದ ನನಗೆ ಹೊಳೆದಿರಲಿಲ್ಲ! ನನ್ನ ಗುರುತಿನ ಕಾರ್ಡು ನೋಡಿ ಕಾಕಾ ಒಂದು ದಿನದ ಪಾಸು ಬರೆದುಕೊಟ್ಟರು. ಮಕ್ಕಳ ಬಗ್ಗೆ ಕೇಳಿದಾಗ ಗೋಡೆಯ ಬೋರ್ಡು ತೋರಿಸಿದರು. ಹನ್ನೆರಡರ ಒಳಗಿನ ಮಕ್ಕಳಿಗೆ ಬೇರೆ ಪಾಸು ಬೇಡ, ಆದರೆ ಪಾಸಿರುವ ದೊಡ್ಡವರು ಪಕ್ಕದಲ್ಲೇ ಇರಬೇಕು. ಮೆಟ್ಟಿಲ ಮೇಲೆ ಬಳಿದ ಕೆಂಪು ಪಟ್ಟಿಗಿಂತ ಚಿಕ್ಕ ಮೀನನ್ನು ನೀರಿಗೇ ಬಿಡಬೇಕು. ದೊಡ್ಡವರು ಯಾರೇ ಆಗಲಿ, ಪಾಸಿಲ್ಲದೆ ಗಾಳ ಮುಟ್ಟುವಂತಿಲ್ಲ.

ಅವ್ವನ ಕಾರ್ಡು ಡೊಂಬಿವಲಿಯ ಮನೆಯ ಕಪಾಟಿನಲ್ಲಿತ್ತು.

"ಆಜೀ, ನೀವು ಕೂತು ನೋಡಿ, ಗಾಳ ಮುಟ್ಟಬೇಡಿ" ಎಂದು ಕಾಕಾ ಹಿಂದಿಯಲ್ಲಿ ಮೆಲ್ಲಗೇ ಹೇಳಿದರು. ಒಂದು ಮಾತು ವಾದಿಸಬಹುದಿತ್ತು ನಾನು. ಬದಲಿಗೆ, "ರೂಲ್ಸ್ ಐತವ್ವಾ, ಮುಟ್ಟಬ್ಯಾಡ" ಎಂದು ನಾನೂ ದನಿಗೂಡಿಸಿದೆ. ಅವ್ವ ಮೇಲಿನ ಮೆಟ್ಟಿಲಲ್ಲಿ ಕೂತು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅವಳ ಕಣ್ಣು ಮಾತ್ರ ಕೆರೆಯ ನೀರು ಬಿಟ್ಟು ಕದಲಲಿಲ್ಲ.

ಒಂದು ತಾಸಾಯಿತು. ಅವ್ವನ ಹಿಟ್ಟು ಸಿಕ್ಕಿಸಿದ ಎರಡನೆಯ ಕೋಲು ಶ್ರಾವಣಿಯ ಕೈಯಲ್ಲಿತ್ತು. ನನ್ನ ಗಾಳದ ಬೆಂಡು ಎಂದಿನಂತೆ ತಣ್ಣಗೆ ತೇಲುತ್ತಿತ್ತು. ಗೌರಿಗೆ ಬೇಸರ ಬಂದಿತ್ತು. ಆಗ ಹಿಂದಿನಿಂದ ಅವ್ವನ ದನಿ: "ಶ್ರಾವಣಿ, ಆ ಕಲ್ಲಿನ ನೆರಳೈತೆಲ್ಲ, ಅಲ್ಲಿ ಒಗಿ."

ಶ್ರಾವಣಿ ನನ್ನ ಮುಖ ನೋಡಿದಳು. ನಾನು ಭುಜ ಕುಣಿಸಿದೆ. ಅವಳು ದಾರವನ್ನು ನೆರಳಿಗೆ ಬೀಸಿದಳು. ಬೆಂಡು ಒಮ್ಮೆ ತಲೆದೂಗಿತು, ಮತ್ತೊಮ್ಮೆ ತಲೆದೂಗಿತು, ಆಮೇಲೆ ಕಾಣಲೇ ಇಲ್ಲ. ಕೋಲು ಬಿಲ್ಲಾಯಿತು. ಮಗು ಒಂದು ಮೆಟ್ಟಿಲು ಕೆಳಗೆ ಜಾರಿದಳು.

"ಎಳಿ! ಎಳಿ!" ಎಂದು ನಾನು ಕಿರುಚಿದೆ.

"ನೀ ಬಾಯಿ ಮುಚ್ಚು!" ಎಂದಳು ಅವ್ವ. ಮಾರ್ಕೆಟಿನ ಗದ್ದಲದಲ್ಲಿ ಪಳಗಿದ ದನಿ ಅದು. "ಮಗಳ, ಕೋಲು ಎತ್ತಿ ಹಿಡಿ. ಅದು ಓಡ್ಲಿ, ಬಿಡು. ದಾರ ಬಿಡು. ಬಿಡು... ಬಿಡು... ಈಗ ನಿಂತೈತಿ. ಈಗ ಜಗ್ಗು. ಸಾವಕಾಶ ಜಗ್ಗು."

ನಾನು ಮಗಳ ಸೊಂಟ ಹಿಡಿದು ಕೂತೆ. ಪಾಸಿದ್ದವನು ಮಾಡಿದ್ದು ಅಷ್ಟೇ. ಮೀನು ಓಡಿದಾಗ ಅವ್ವ "ಬಿಡು" ಎನ್ನುತ್ತಿದ್ದಳು, ನಿಂತಾಗ "ಜಗ್ಗು" ಎನ್ನುತ್ತಿದ್ದಳು. ನೀರಿನೊಳಗೆ ಮುಂದೆ ಏನು ನಡೆಯುತ್ತದೋ ಅವಳಿಗೆ ಒಂದು ಗಳಿಗೆ ಮೊದಲೇ ಗೊತ್ತಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಗೌರಿಯೂ "ಬಿಡು! ಜಗ್ಗು!" ಎಂದು ಕುಣಿಯತೊಡಗಿದಳು. ಓಡಿಬಂದ ಕಾಕಾ ಕೂಡ ತಮ್ಮ ಮರಾಠಿ ಮರೆತು "ಜಗ್ಗೂ, ಬೇಟಾ, ಜಗ್ಗೂ!" ಎಂದು ಕೂಗುತ್ತಿದ್ದರು. ಶ್ರಾವಣಿ ಕೋಲಿನ ಬುಡವನ್ನು ಹೊಟ್ಟೆಗೆ ಒತ್ತಿ ಹಿಡಿದಳು.

"ಆಜೀ, ನನಗ ಆಗಂಗಿಲ್ಲ!" ಎಂದಳು.

ಕನ್ನಡದಲ್ಲಿ ಅಂದಳು. ನಾನು ತಿರುಗಿ ನೋಡಿದೆ. ಅವ್ವ ಎದ್ದು ನಿಂತಿದ್ದಳು, ಆದರೆ ಕೈಗಳು ಇನ್ನೂ ಸೆರಗಿನೊಳಗೇ ಇದ್ದವು.

"ಆಗತೈತಿ. ಅದಕ್ಕೂ ಸಾಕಾಗೈತಿ ಈಗ. ಜಗ್ಗು."

ಜಗ್ಗಿದಳು. ಬೆಳ್ಳಿಯ ಹೊಟ್ಟೆ ತಿರುಗಿಸಿಕೊಂಡು ಒಂದು ರೋಹು ಮೆಟ್ಟಿಲಿಗೆ ಬಂತು. ನಾನು ಬಲೆಚೀಲ ಹಾಕಿ ಎತ್ತಿದೆ. ಕಾಕಾ ಅದನ್ನು ಕೆಂಪು ಪಟ್ಟಿಯ ಪಕ್ಕ ಮಲಗಿಸಿದರು. ಪಟ್ಟಿ ಮುಗಿದ ಮೇಲೂ ಮೀನು ಒಂದು ಗೇಣು ಮಿಕ್ಕಿತ್ತು. ಸುತ್ತ ಗಾಳ ಹಾಕಿ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಶ್ರಾವಣಿ ಮೀನನ್ನೂ ಬಿಟ್ಟು, ನನ್ನನ್ನೂ ಬಿಟ್ಟು, ಮೆಟ್ಟಿಲು ಹತ್ತಿ ಹೋಗಿ ಅವ್ವನ ಸೊಂಟಕ್ಕೆ ಜೋತುಬಿದ್ದಳು. ಆಗ ಅವ್ವನ ಕೈಗಳು ಹೊರಬಂದವು.

ಕಾಕಾ ಅವ್ವನ ಮುಂದೆ ಬಂದು ಕೈ ಮುಗಿದರು. "ಆಜೀ, ಮುಂದಿನ ಭಾನುವಾರ ಕಾರ್ಡು ತನ್ನಿ. ನಿಮ್ಮ ಪಾಸು ನಾನೇ ಬರೆದಿಟ್ಟಿರುತ್ತೇನೆ" ಎಂದರು. ಬರೆದೂ ಇಟ್ಟಿದ್ದರು. ಮುಂದಿನ ಭಾನುವಾರ ಅವ್ವ ಒಬ್ಬಳೇ ಮೂರು ಮೀನು ಹಿಡಿದಳು. ನನಗೆ ಅಂದೂ ಸೊನ್ನೆ.

ರೋಹು ಬಿದ್ದ ದಿನ ರಾತ್ರಿ ಊಟಕ್ಕೆ ಕೂತಾಗ ಶ್ರಾವಣಿ ಕೇಳಿದ್ದು ಇವತ್ತಿಗೂ ನೆನಪಿದೆ. "ಆಜಿ, ಜಗ್ಗು ಅಂದ್ರ ಎಷ್ಟು ಜಗ್ಗೂದು? ಇನ್ನೊಂದ್ಸಲ ಹೇಳು." ಅವ್ವ ಹೇಳಿದಳು. ಹೇಳುತ್ತ ಹೇಳುತ್ತ ಹೊಳೆಯ ಮಡುಗಳ ಹೆಸರು ಬಂದವು, ಅವಳಪ್ಪನ ತೆಪ್ಪ ಬಂತು, ಹನ್ನೊಂದನೇ ವಯಸ್ಸಿಗೆ ಅವಳು ಒಬ್ಬಳೇ ಹಿಡಿದ ಬಾಳೆಮೀನು ಬಂತು. ಮಕ್ಕಳ ಜೊತೆ ನಾನೂ ಮೊದಲ ಸಲ ಕೇಳಿಸಿಕೊಂಡೆ.

ಈಗ ಮತ್ತೆ ರಜೆ. ಈ ಸಲ ಎಲ್ಲರೂ ಅವ್ವನ ತವರಿಗೇ ಹೊರಟಿದ್ದೇವೆ. ಅಲ್ಲಿ ಮಕ್ಕಳಿಗೆ ಪಾಸು ಬೇಕೋ ಬೇಡವೋ ಎಂದು ಮೀನುಗಾರಿಕೆ ಆಫೀಸಿಗೆ ಫೋನ್ ಮಾಡಿ ಕೇಳಬೇಕಿತ್ತು. ಆಫೀಸಿನವರ ಜೊತೆ ಕನ್ನಡದಲ್ಲಿ ಮಾತಾಡಿ ರೂಢಿಯಿಲ್ಲದ ನಾನು ನಾಳೆ, ನಾಡಿದ್ದು ಎಂದು ಮುಂದೂಡುತ್ತಿದ್ದೆ. ಇವತ್ತು ಹದಿನೈದರ ಶ್ರಾವಣಿ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ನಮಸ್ಕಾರ ರೀ. ಗಾಳ ಹಾಕಾಕ ಬರಾಕತ್ತೀವಿ. ನಮ್ಮ ಜೋಡಿ ಹನ್ನೊಂದು ವರ್ಷದ ತಂಗಿ ಅದಾಳ. ಆಕಿಗೂ ಪಾಸ್ ಬೇಕೇನ್ರಿ?"

ಆಚೆಯಿಂದ ಏನೋ ಹೇಳಿದರು. ಅವಳು ಬರೆದುಕೊಂಡಳು. ಆಮೇಲೆ ಅವರು, ನೀವು ಯಾವ ಊರಿನವರು ಎಂದು ಕೇಳಿರಬೇಕು. ಫ್ಯಾಕ್ಟರಿಯಲ್ಲಿ ಯಾರಾದರೂ ಹಾಗೆ ಕೇಳಿದರೆ "ಡೊಂಬಿವಲಿ" ಎಂದು ಹೇಳಿ ಮುಂದೆ ಹೋಗುವವನು ನಾನು. ಡೊಂಬಿವಲಿಯಲ್ಲೇ ಹುಟ್ಟಿದ ನನ್ನ ಮಗಳು ಒಂದು ಕ್ಷಣವೂ ತಡೆಯಲಿಲ್ಲ.

"ನಾವು ಹೊಳಿ ದಂಡಿಯವ್ರು ರೀ" ಎಂದಳು.