ಹೊತ್ತುಕೊಳ್ಳದ ಹರಕೆ

ನಾನು ಹರಕೆ ಹೊತ್ತಿರಲಿಲ್ಲ, ಗಿರಿಜಾ. ಒಂಬತ್ತು ವರ್ಷದಿಂದ ನೀನು ನಂಬಿರುವುದು ಸುಳ್ಳು. ನನ್ನ ಬಾಯಿ ಒಣಗುತ್ತಿತ್ತು — ಅಷ್ಟೇ.

ನಿನ್ನ ಗರ್ಭಕೋಶದ ಆಪರೇಷನ್ ಆದ ವರ್ಷ ಅದು. ಅದಕ್ಕೂ ಕೆಲವು ತಿಂಗಳ ಮೊದಲು ನನಗೆ ನಿದ್ದೆ ಕೆಟ್ಟಿತ್ತು, ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಕೈ ನಡುಗುತ್ತಿತ್ತು. ಪಂಪ್‌ಸೆಟ್ಟಿನ ಸಾಮಾನು ತರಲು ಎಂದು ನಿನಗೆ ಹೇಳಿ ಶಿವಮೊಗ್ಗದ ಮನೋವೈದ್ಯರ ಹತ್ತಿರ ಹೋದೆ. ಅವರು ಕೊಟ್ಟ ಮಾತ್ರೆ ನಡುಕ ನಿಲ್ಲಿಸಿತು, ಬಾಯಲ್ಲಿ ಊರುವ ನೀರನ್ನೂ ನಿಲ್ಲಿಸಿತು. ರೊಟ್ಟಿಯ ತುಂಡು ನಾಲಿಗೆಯ ಮೇಲೆ ರಟ್ಟಿನಂತೆ ಕೂರುತ್ತಿತ್ತು, ಕೆಂಪು ಚಟ್ನಿ ತಗುಲಿದರೆ ಉರಿ. ಮೆತ್ತಗಿನದು ತಿನ್ನಿ, ಖಾರ ಬಿಡಿ, ಅಡಿಕೆ ಬಿಡಿ, ತುತ್ತಿಗೊಂದು ಗುಟುಕು ನೀರು ಕುಡಿಯಿರಿ, ಆಗಲೂ ಕಷ್ಟವಾದರೆ ಹೇಳಿ, ಮಾತ್ರೆ ಬದಲಿಸೋಣ ಎಂದಿದ್ದರು ಡಾಕ್ಟರು. ಬದಲಿಸಿದರೆ ಮತ್ತೆ ಕೈ ನಡುಗೀತೆಂದು ನಾನು ಹೇಳಲೇ ಇಲ್ಲ. ನಿನಗೂ ಹೇಳಲಿಲ್ಲ; ಆ ಮಾತ್ರೆಯನ್ನು ಇವತ್ತಿಗೂ ನಿನಗೆ ಕಾಣದಂತೆ ನುಂಗುತ್ತಿದ್ದೇನೆ.

ನಿನ್ನ ಆರೈಕೆಗೆ ನಿನ್ನ ತಂಗಿ ಶಾರದೆ ಜಗಳೂರಿನಿಂದ ಬಂದಿದ್ದಳು. ನಾನು ರೊಟ್ಟಿ ಬದಿಗಿಟ್ಟು ಅನ್ನಕ್ಕೆ ಮಜ್ಜಿಗೆ ಕಲಸುತ್ತಿದ್ದೆ. ಮಧ್ಯಾಹ್ನವೋ, ಬೆಳಗಿನ ಹೊತ್ತೋ — ಮಧ್ಯಾಹ್ನ ಎಂದು ಬರೆದರೆ ಬಿಸಿಲು ತಾನಾಗಿ ಬಂದು ಕೂರುತ್ತದೆ, ಅದನ್ನು ನಂಬಬೇಡ. ನೆನಪಿನಲ್ಲಿ ಮಾತು ಮಾತ್ರ ಉಳಿದಿದೆ.

"ಯಾಕ್ರೀ ಭಾವ, ನಾನು ಬಡಿದ ರೊಟ್ಟಿ ನುಂಗಾಕೆ ಆಗಲ್ವಾ? ನಮ್ಮಕ್ಕನ ಕೈದೇ ಬೇಕಾ?"

"ಹಂಗಲ್ಲ ಶಾರದಾ. ಒಂದು ಹರಕೆ ಐತೆ."

"ಅಕ್ಕನ ಸಲುವಾಗಾ?"

ನಾನು ಹೌದು ಅನ್ನಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ತಲೆ ಆಡಿಸಿದೆನೋ, ತಗ್ಗಿಸಿದೆನೋ — ಯಾವುದಾದರೂ ಒಂದೇ. ಹಾಸಿಗೆಯಲ್ಲಿದ್ದ ನಿನಗೆ ಕೇಳಿಸಿತು. ನೀನು ಅತ್ತುಬಿಟ್ಟೆ.

ಹೊಲಿಗೆ ಬಿಚ್ಚಿದ ಮೇಲೆ ನೀನೂ ರೊಟ್ಟಿ, ಖಾರ ಬಿಟ್ಟೆ. "ನೀವು ನನ್ನ ಸಲುವಾಗಿ ಬಾಯಿ ಕಟ್ಟಿರೋವಾಗ ನಾನು ಹೆಂಗ್ರೀ ತಿನ್ಲಿ?" ಖಾರ ಮಂಡಕ್ಕಿಯ ಜೊತೆಗೂ ಹಸಿಮೆಣಸಿನಕಾಯಿ ಕಚ್ಚಿಕೊಳ್ಳುತ್ತಿದ್ದವಳು ನೀನು. ಬೇಡ ಎಂದು ಹೇಳಿದೆ, ಒಂದು ಸಲ. ಎರಡನೆಯ ಸಲ ಹೇಳಿದ್ದರೆ ಕಾರಣ ಕೊಡಬೇಕಾಗುತ್ತಿತ್ತು.

ಇನ್ನೂ ಹೇಸಿಗೆಯದು — ಅದು ನನಗೆ ಹಿತವಾಗತೊಡಗಿತು. ಹೊನ್ನಾಳಿ, ಚನ್ನಗಿರಿಯ ಮದುವೆಗಳಲ್ಲಿ ನಮ್ಮಿಬ್ಬರನ್ನು ಬೇರೆ ಕೂರಿಸಿ ಮಜ್ಜಿಗೆ ಅನ್ನ ಬಡಿಸುತ್ತಿದ್ದರು, ಗೌರವದಿಂದ. ಬರುಬರುತ್ತಾ ಕರೆಯುವುದೇ ಕಡಿಮೆಯಾಯಿತು. ಈಗ ಮನೆಯಲ್ಲಿ ಎದುರುಬದುರು ಕೂತು ಗಂಜಿ ಕುಡಿಯುತ್ತೇವೆ. ನೀನು ಹರಕೆ ಹೊತ್ತ ಗಂಡನ ಜೊತೆ ಕೂತಿರುತ್ತೀಯ. ನನ್ನ ಜೊತೆ ಯಾರೂ ಇರುವುದಿಲ್ಲ.

ಇವತ್ತು ಶಾರದೆಯ ಮಗಳ ಸೀಮಂತಕ್ಕೆ ನೀನು ಜಗಳೂರಿಗೆ ಹೋಗಿದ್ದೀಯ. ಊಟದ ಹೊತ್ತಿಗೆ ಫೋನ್ ಮಾಡಿದೆ. ಶಾರದೆ ಎತ್ತಿದಳು.

"ಎಲ್ರೂ ಪಂಕ್ತಿಯಾಗೆ ಕುಂತಾರೆ ಭಾವ, ಅಕ್ಕ ಒಬ್ಳೇ ಒಳಗೆ ಮಜ್ಜಿಗೆ ಅನ್ನ ಕಲಸ್ಕೊಂಡು ಕುಂತಾಳೆ. ಒಂದು ಮಿರ್ಚಿನಾದ್ರೂ ತಿನ್ನೇ ಅಂದ್ರೆ, ಅವರ ಹರಕೆ ಕೆಡ್ತೈತೆ ಅಂತಾಳೆ. ನಿಮ್ಮ ದೇವ್ರಿಗೆ ಇನ್ನಾ ಹೊಟ್ಟೆ ತುಂಬಿಲ್ಲೇನ್ರೀ?"

ಫೋನ್ ನಿನ್ನ ಕೈಗೆ ಬಂತು. "ಗಂಜಿ ಬಿಸಿ ಮಾಡ್ಕೊಂಡ್ರಾ?" ಎಂದು ಕೇಳಿದೆ ನೀನು. ನಾನು ಹೂಂ ಎಂದೆ. ತಿನ್ನು ಎಂದಾದರೂ ಹೇಳಬಹುದಿತ್ತು — ಇಲ್ಲ, ಅದೂ ನನ್ನ ದೊಡ್ಡತನದಂತೆಯೇ ಕೇಳಿಸುತ್ತಿತ್ತು.

ನಾಳೆ ಬೆಳಿಗ್ಗೆ ದಾವಣಗೆರೆ ಬಸ್ಸು ಹತ್ತಿ ಜಗಳೂರಿಗೇ ಬರುತ್ತೇನೆ. ಇಲ್ಲಿ ನ್ಯಾಮತಿಯ ನಮ್ಮ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಹೇಳಿದರೆ ನೀನು ಅದನ್ನು ಮುಚ್ಚಿಟ್ಟು ನನ್ನ ಮಾನ ಕಾಯುತ್ತೀಯ. ಆದ್ದರಿಂದ ಶಾರದೆ ಇರುವಾಗಲೇ ಹೇಳುತ್ತೇನೆ — ಮಾತ್ರೆ, ಡಾಕ್ಟರು, ಒಣಗಿದ ಬಾಯಿ, ಎಲ್ಲ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.