ನನ್ನನ್ನು ಹಿಡಿಯದ ದೆವ್ವ

ನಾನು ಚಿಕ್ಕವಳಿದ್ದಾಗ ದೆವ್ವ ಕೂಡ ನನ್ನನ್ನು ಬೇಡವೆಂದಿತ್ತು. ನಗಬೇಡಿ ಮೊಮ್ಮಕ್ಕಳೇ, ಹೊಟ್ಟೆ ಉರಿದುಹೋಗಿತ್ತು ನನಗೆ.

ಆಗ ನಮ್ಮ ಬನಹಟ್ಟಿ ಮುಂಬಯಿ ರಾಜ್ಯದಲ್ಲಿತ್ತು. ನಮ್ಮದು ನೇಕಾರರ ಓಣಿ. ಬೆಳಗಾದರೆ ಮನೆಮನೆಯಲ್ಲೂ ಮಗ್ಗದ ಖಟಪಟ, ಗಂಜಿ ಹಾಕಿದ ನೂಲಿನ ಹುಳಿವಾಸನೆ. ಓಣಿಯ ಕೊನೆಗೆ ಮಾತ್ರ ಒಂದು ಪಾಳುಮನೆ ಸುಮ್ಮನೆ ನಿಂತಿತ್ತು. ಅಲ್ಲಿ ನೇಯುತ್ತ ಕೂತಲ್ಲೇ ಸತ್ತ ಮುದುಕಿಯೊಬ್ಬಳು ಮಟಮಟ ಮಧ್ಯಾಹ್ನ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಈಗಲೂ ನೇಯುತ್ತಾಳೆ, ಇಣುಕಿದವರನ್ನು ಹಿಡಿಯುತ್ತಾಳೆ ಎಂದು ಎಲ್ಲರೂ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕ ಆಡಿನ ಮರಿ ಹುಡುಕುತ್ತ ಆ ಮನೆಯೊಳಗೆ ಹೋದಳು. ಸಂಜೆಗೆ ಅವಳಿಗೆ ಮೈ ಸುಡುವ ಜ್ವರ. "ಗಾಳಿ ಬಡದೈತಿ. ಅದು ಕೇಳಿದ್ದು ಕೊಡ್ರಿ, ಬಿಟ್ಟು ಹೋಗತೈತಿ," ಎಂದಳು ಅಪ್ಪನ ತಾಯಿ, ನಮ್ಮ ಆಯಿ. ಅಕ್ಕ ಮಾದಲಿ ಎಂದು ಕನವರಿಸಿದಳು. ಬೆಲ್ಲ, ಏಲಕ್ಕಿ, ತುಪ್ಪ ಹಾಕಿದ ಘಮಘಮ ಮಾದಲಿ ಬಂತು. ಹಸಿರು ಬಳೆ ಎಂದಳು, ಬಳೆಗಳೂ ಬಂದವು. ಅದನ್ನೆಲ್ಲ ಹೇಗೋ ಸಹಿಸಿಕೊಂಡೆ. ಆದರೆ ಅವ್ವನ ಮಗ್ಗುಲು ನನ್ನ ಜಾಗ. ಅಲ್ಲೀಗ ಅಕ್ಕ ಮಲಗತೊಡಗಿದಳು. ನನಗೆ ಆಯಿಯ ಗೊರಕೆ. ಜ್ವರ ಇಳಿದು ಎಂಟು ದಿನವಾದರೂ "ಇನ್ನೂ ಅಂಜಿಕಿ ಬರತೈತಿ" ಎಂದು ಅಕ್ಕ ಜಾಗ ಬಿಡಲೇ ಇಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ನಾನೇ ಪಾಳುಮನೆಗೆ ಹೋದೆ. ಒಳಗೆ ಬಾವಲಿಯ ನಾತ, ಮುಖಕ್ಕೆ ಜೇಡರ ಬಲೆ. ಕುಣಿಗೆ ಇಳಿದು ಕಣ್ಣು ಮುಚ್ಚಿ ಕೂತೆ. "ಹಿಡಿ ಬೇ ಮುದುಕಿ, ಲಗೂನ ಹಿಡಿ," ಎಂದೆ. ಎಲ್ಲೋ ಹಲ್ಲಿ ಲೊಚಗುಟ್ಟಿತು, ಅಷ್ಟೇ. ಮೈ ಮುಟ್ಟಿ ಮುಟ್ಟಿ ನೋಡಿಕೊಂಡೆ, ಬಿಸಿಯಾಗಲಿಲ್ಲ. ಅಕ್ಕನನ್ನು ಹಿಡಿದವಳಿಗೆ ನಾನೇನು ಕಡಿಮೆಯಾಗಿದ್ದೆ? ಸಿಟ್ಟಿಗೆ ಅಳುವೇ ಬಂತು.

ಮನೆಗೆ ಬಂದವಳೇ ಕೂದಲು ಬಿಚ್ಚಿ, ಕಣ್ಣು ತಿರುಗಿಸಿ, ಪಡಸಾಲೆಯಲ್ಲಿ ಬಿದ್ದು ಹೊರಳಾಡಿದೆ. ಅಪ್ಪ ಮಗ್ಗ ನಿಲ್ಲಿಸಿ ಓಡಿಬಂದ. ಆಯಿ ಬೇವಿನ ಸೊಪ್ಪು ಹಿಡಿದು ಗದರಿದಳು. "ಯಾರ್ ನೀ? ನಿನಗೇನ್ ಬೇಕು, ಹೇಳು!"

ಮಾದಲಿ, ಬಳೆ ಎಲ್ಲ ಕೇಳಬೇಕೆಂದಿದ್ದೆ. ಬಾಯಿಗೆ ಬಂದದ್ದೇ ಬೇರೆ. "ನಾ ಅವ್ವನ ಮಗ್ಗಲಾಗ ಮಲಗಬೇಕು!"

ಆಯಿಯ ಕೈಯ ಸೊಪ್ಪು ಕೆಳಗಿಳಿಯಿತು. ಅಪ್ಪ ನಕ್ಕುಬಿಟ್ಟ. ಅವ್ವ ನಗಲಿಲ್ಲ. ನೂಲು ಸುತ್ತುವ ರಾಟೆ ಬಿಟ್ಟು ಬಂದು ನನ್ನನ್ನು ತೊಡೆಗೆ ಎಳೆದುಕೊಂಡಳು. "ಮೊದಲ ಹೇಳಾಕ ಏನಾಗಿತ್ತು ನಿನಗ? ನನಗ ಎರಡು ಮಗ್ಗಲ ಅದಾವಲ್ಲ?"

"ಗ್ವಾಡಿ ಕಡೀದು ನಂದು," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. ಆ ರಾತ್ರಿ ಗೋಡೆಯ ಕಡೆ ಅಕ್ಕ, ಇನ್ನೊಂದು ಕಡೆ ನಾನು ಮಲಗಿದೆವು. ಆದರೂ ಅವ್ವ ಯಾರ ಕಡೆ ಮುಖಮಾಡುತ್ತಾಳೋ ಎಂದು ಬಹಳ ಹೊತ್ತು ಕಣ್ಣು ಬಿಟ್ಟುಕೊಂಡೇ ಇದ್ದೆ.

ಈಗ ನಿಮಗೆ ಒಬ್ಬೊಬ್ಬರಿಗೂ ಒಂದೊಂದು ಮಂಚ. ಫೋನಿನಲ್ಲಿ ದೆವ್ವ ನೋಡಿ ಹೆದರಿದ ದಿನ ದಿಂಬು ಹಿಡಿದು ಬರುತ್ತೀರಿ, "ಆಯಿ, ಆಕಡಿ ಸರಿ" ಎಂದು ನನ್ನ ಹೊದಿಕೆಯೊಳಗೆ ನುಗ್ಗುತ್ತೀರಿ. ನಿಮ್ಮನ್ನು ಕಂಡರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು. ಅಷ್ಟು ಕೇಳುವುದಕ್ಕೆ ನನಗೊಂದು ದೆವ್ವವೇ ಬೇಕಾಗಿತ್ತು.